ಎಸಿ ಕೆಳಗಿನ ಕುರ್ಚಿ

“ಇದು ಹಣ್ಣಿನ ರಸ ಕುಡಿದು ಸತ್ತವರ ಹೃದಯ ಅಲ್ಲ,” ಎಂದರು ಹೃದಯದ ಡಾಕ್ಟರಮ್ಮ.

ಪತ್ತೇದಾರ ಕುರ್ಚಿಯ ತುದಿಗೆ ಸರಿದು ಕೂತ. ಪಕ್ಕದಲ್ಲಿದ್ದ ಹುಡುಗಿ ಉಸಿರು ಬಿಗಿಹಿಡಿದಳು.

ಮೇಜಿನ ಮೇಲೆ ಉದ್ದಕ್ಕೆ ಹಾಸಿದ್ದ ಚೌಕುಳಿ ಕಾಗದದಲ್ಲಿ ಅವಳ ಅಪ್ಪನ ಕೊನೆಯ ದಿನದ ಎದೆಬಡಿತವೆಲ್ಲ ಗೆರೆಯಾಗಿ ಹರಿದಿತ್ತು. ಸಾಯುವಾಗಲೂ ಅವನ ಎದೆಗೆ ಅಂಟಿಕೊಂಡೇ ಇದ್ದ ಪುಟ್ಟ ಪೆಟ್ಟಿಗೆಯನ್ನು ಆಸ್ಪತ್ರೆಯವರು ಕೊಟ್ಟ ಬಟ್ಟೆಯ ಗಂಟಿನಿಂದ ಹುಡುಕಿ ತೆಗೆದು, ಅವಳು ನಿನ್ನೆಯಷ್ಟೇ ಪತ್ತೇದಾರನ ಕೈಗಿಟ್ಟಿದ್ದಳು.

ಅಪ್ಪ ಎಂದರೆ ಲಿಫ್ಟಣ್ಣ. ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿದವನು. ಕಿಡ್ನಿ ಕೈಕೊಟ್ಟ ಮೇಲೆ ಡಯಾಲಿಸಿಸ್ ಹಾಲಿನಲ್ಲಿ ಪತ್ತೇದಾರನ ಪಕ್ಕದ ಕುರ್ಚಿ ಹಿಡಿದು, ತನ್ನ ರಕ್ತ ಯಂತ್ರದೊಳಗೆ ಸುತ್ತಿ ಶುದ್ಧವಾಗಿ ಬರುವವರೆಗೆ ಹಾಲಿನಲ್ಲಿದ್ದವರನ್ನೆಲ್ಲ ಗೇಲಿ ಮಾಡುತ್ತಿದ್ದವನು. “ಯಂತ್ರದಿಂದ ಬಿಡಿಸ್ಕೊಂಡ ಮೇಲೆ ಎದೆಯೊಳಗೆ ಮೀನು ಹೊರಳಿದ ಹಾಗಾಗುತ್ತೆ ಕಣಯ್ಯ,” ಎಂದು ಅವನು ಅಂದಿದ್ದಕ್ಕೇ ಡಾಕ್ಟರಮ್ಮ ಆ ಪೆಟ್ಟಿಗೆ ಅಂಟಿಸಿ ಕಳಿಸಿದ್ದರು. ಮರುದಿನ ಅದನ್ನು ವಾಪಸು ತಂದುಕೊಡಲು ಅವನೇ ಇರಲಿಲ್ಲ.

“ಹೃದಯ ಕರೆಂಟಿನ ಮೇಲೆ ನಡೆಯೋ ಸಾಮಾನು,” ಎಂದು ಡಾಕ್ಟರಮ್ಮ ಪೆನ್ನಿನ ತುದಿಯನ್ನು ಗೆರೆಯ ಮೇಲಿಟ್ಟರು. “ಒಂದು ಸಲ ಬಡಿದ್ರೆ ಈ ಚೂಪು ಗೆರೆ. ಬಡಿದಾದ ಮೇಲೆ ಮತ್ತೆ ಚಾರ್ಜ್ ಆಗ್ಬೇಕಲ್ಲ, ಅದು ಈ ಪುಟ್ಟ ಗುಡ್ಡ. ಈ ಗುಡ್ಡ ನೋಡಿದ್ರೆ ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿತ್ತು ಅಂತ ಅಂದಾಜು ಸಿಗುತ್ತೆ. ಜಾಸ್ತಿ ಇದ್ರೆ ಡೇರೆ ಥರ ಚೂಪಾಗಿ ಎದ್ದು ನಿಲ್ಲುತ್ತೆ. ಕಿಡ್ನಿ ಇಲ್ಲದೋರಿಗೆಲ್ಲ ಅದೇ ಭಯ. ಅದಕ್ಕೇ ಹಣ್ಣು ಬೇಡ, ರಸ ಬೇಡ ಅಂತ ನಾವು ಬಡ್ಕೊಳೋದು.” ಪತ್ತೇದಾರನ ಕಡೆ ನೋಡಿ ನಕ್ಕರು. “ನಿಮ್ಮದೊಂದೇ ಉಲ್ಟಾ. ಒಬ್ಬರೇ ಅಂತ ಅಡಿಗೆ ಮಾಡ್ಕೊಳಲ್ಲ, ಬ್ರೆಡ್ಡು ಚಹಾದಲ್ಲಿ ಕಾಲ ಹಾಕ್ತೀರ. ನಿಮ್ಮ ಪೊಟ್ಯಾಸಿಯಂ ಯಾವಾಗ ನೋಡಿದ್ರೂ ಕಡಿಮೆ. ಇಡೀ ಹಾಲಿನಲ್ಲಿ ನಿಮಗೊಬ್ಬರಿಗೇ ನಾನು ಹಣ್ಣು ತಿನ್ನಿ ಅಂತ ಹೇಳೋದು.”

“ತಿಂತೀನಿ ಬಿಡಿ,” ಎಂದ ಪತ್ತೇದಾರ. “ಇವನ ಗುಡ್ಡ ಏನು ಹೇಳುತ್ತೆ?”

“ಬೆಳಿಗ್ಗೆ ಇಲ್ಲಿ ನೋಡಿ, ಸ್ವಲ್ಪ ಎತ್ತರ. ನಡುವೆ ಎರಡು ದಿನ ಯಂತ್ರ ಇರ್ಲಿಲ್ಲವಲ್ಲ, ಅದು ಸಹಜ. ಯಂತ್ರ ಹಚ್ಚಿದ ಮೇಲೆ ನಿಧಾನಕ್ಕೆ ಇಳೀಬೇಕು. ಇಲ್ಲಿ ಇಳಿದಿರೋ ರೀತಿ ನೋಡಿ, ಧೊಪ್ ಅಂತ. ಆಮೇಲೆ ಗುಡ್ಡಾನೇ ಇಲ್ಲ. ಚಪ್ಪಟೆ. ಮನೆಗೆ ಹೋದ ಮೇಲೆ ಚಾರ್ಜ್ ಆಗೋಕೆ ತೀರಾ ಹೊತ್ತು ತಗೊಂಡಿದೆ, ನಡುನಡುವೆ ಅಡ್ಡಬಡಿತ ಬಂದಿದೆ. ಕೊನೆಗೆ ಚಾರ್ಜ್ ಮುಗಿಯೋಕೆ ಮುಂಚೆನೇ ಇನ್ನೊಂದು ಬಡಿತ ಬಂದು ಅದರ ಮೇಲೆ ಬಿತ್ತು. ಅಲ್ಲಿಗೆ ತಾಳ ತಪ್ಪಿತು.”

ಅಲ್ಲಿಂದ ಮುಂದೆ ಗೆರೆ ಗೆರೆಯಾಗಿ ಉಳಿದಿರಲಿಲ್ಲ. ಬರಿಯ ಗೀಚು.

ಬಾಗಿಲು ಪೂರ್ತಿ ಮುಚ್ಚುವ ಮುಂಚೆ ಲಿಫ್ಟು ಹೊರಟರೆ ಆಗುವ ಅನಾಹುತದ ಬಗ್ಗೆ ಲಿಫ್ಟಣ್ಣ ಬಂದಾಗೆಲ್ಲ ಒಂದು ಭಾಷಣ ಬಿಗಿಯುತ್ತಿದ್ದ. ಕೇಳಿ ಕೇಳಿ ಪತ್ತೇದಾರನ ಕಿವಿ ತೂತು ಬಿದ್ದಿತ್ತು. ಈಗ ಆ ಭಾಷಣವನ್ನು ಇನ್ನೊಮ್ಮೆ ಕೇಳಬೇಕೆನ್ನಿಸಿತು.

“ಅಂದ್ರೆ... ರಸ?” ಎಂದಳು ಹುಡುಗಿ.

“ರಸದಿಂದ ಪೊಟ್ಯಾಸಿಯಂ ಏರುತ್ತಮ್ಮ. ನಿಮ್ಮಪ್ಪ ಹೋಗಿದ್ದು ಅದು ಇಳಿದಿದ್ದಕ್ಕೆ. ನೀನು ಕೊಟ್ಟ ಒಂದು ಲೋಟಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ.”

“ಆದ್ರೆ ಆಸ್ಪತ್ರೆ ರಿಪೋರ್ಟಲ್ಲಿ ತುಂಬಾ ಜಾಸ್ತಿ ಅಂತಿತ್ತಲ್ಲ? ಸೋದರತ್ತೆ ಅದನ್ನೇ ಹಿಡ್ಕೊಂಡು...”

“ಪ್ರಾಣ ಹೋದ ಮೇಲೆ ತೆಗೆದ ರಕ್ತ ಅದು. ಸತ್ತ ಮೇಲೆ ಯಾರ ರಕ್ತದಲ್ಲಾದ್ರೂ ಪೊಟ್ಯಾಸಿಯಂ ಏರಿಯೇ ಏರುತ್ತೆ. ಅದನ್ನ ಸಾಕ್ಷಿ ಅಂತ ತಗೊಳೋ ಹಾಗಿಲ್ಲ. ಬದುಕಿದ್ದಾಗ ಬರೆದಿಟ್ಟಿದ್ದು ಈ ಪೆಟ್ಟಿಗೆ ಒಂದೇ.”

“ಯಂತ್ರ ಅಷ್ಟು ಜೋರಾಗಿ ಎಳೆಯೋದು ಹೇಗೆ ಡಾಕ್ಟ್ರೇ?” ಎಂದ ಪತ್ತೇದಾರ.

“ರಕ್ತದ ಪಕ್ಕದಲ್ಲೇ ಹರಿಯುತ್ತಲ್ಲ ದ್ರಾವಣ, ಕೆಳಗಡೆ ಕ್ಯಾನಿನಿಂದ ಬರೋದು, ಅದರಲ್ಲಿ ಪೊಟ್ಯಾಸಿಯಂ ತೀರಾ ಕಡಿಮೆ ಇದ್ರೆ ರಕ್ತದಲ್ಲಿರೋದನ್ನೆಲ್ಲ ದಬದಬ ಎಳ್ಕೊಳುತ್ತೆ. ಯಾರೋ ಅವರಿಗೆ ಕಡಿಮೆ ಕ್ಯಾನ್...”

ಅಷ್ಟಕ್ಕೆ ಅವರ ಮಾತು ನಿಂತಿತು. ಪೆನ್ನಿನ ತುದಿ ಕಾಗದದ ಮೇಲೆ ಇದ್ದಲ್ಲೇ ಇತ್ತು.

“ಅವತ್ತು ಅವರು ಅವರ ಕುರ್ಚೀಲೇ ಕೂತಿದ್ರಲ್ವಾ?” ಎಂದರು ಸಣ್ಣ ದನಿಯಲ್ಲಿ.

ಪತ್ತೇದಾರ ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಎಷ್ಟು ದಿನದಿಂದ ಕಟ್ಟಿಟ್ಟುಕೊಂಡಿದ್ದ ಅಳುವೋ ಏನೋ, ಪಾಪ, ತಡೆಯಲು ಆಗಲಿಲ್ಲ. ಅವನು ಬೆನ್ನು ತಟ್ಟಿದ. ಸಮಾಧಾನ ಮಾಡಿ ಅಭ್ಯಾಸವಿಲ್ಲದ ಕೈ, ಬಾಗಿಲು ತಟ್ಟಿದಂತೆ ತಟ್ಟಿತು. ಡಾಕ್ಟರಮ್ಮನ ಪ್ರಶ್ನೆ ಅಲ್ಲೇ ಉಳಿಯಿತು.

“ಪೆಟ್ಟಿಗೆ ನನ್ನ ಹತ್ರ ಇರ್ಲಿ,” ಎಂದರು ಡಾಕ್ಟರಮ್ಮ, ಕಾಗದ ಸುತ್ತುತ್ತಾ. “ನಿಮ್ಮ ಅತ್ತೆಗೆ ತೋರಿಸೋ ಹಾಗೆ ಒಂದು ರಿಪೋರ್ಟ್ ಬರೆದು ಕೊಡ್ತೀನಿ. ನಾನೇ ಫೋನ್ ಮಾಡ್ತೀನಮ್ಮ.”

ಅವರ ಚಹಾ ಮುಟ್ಟದೆ ಕೆನೆಗಟ್ಟಿತ್ತು. ಪತ್ತೇದಾರ ಅದನ್ನು ನೋಡಿದ. ಕೆಲಸದ ಒತ್ತಡ, ಪಾಪ ಅಂದುಕೊಂಡ.

*

ಹೊರಗೆ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಹುಡುಗಿ ಬೆಂಚಿನ ಮೇಲೆ ಕೂತಳು. ಅವಳು ಪುಸ್ತಕಕ್ಕೆ ಬೈಂಡ್ ಹಾಕುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬೆರಳ ತುದಿಯಲ್ಲಿ ಒಣಗಿದ ಗೋಂದು ಯಾವಾಗಲೂ ಇರುತ್ತಿತ್ತು.

“ದೊಡ್ಡಪ್ಪ, ಆ ಲೋಟ ಇದೆಯಲ್ಲ, ಅಪ್ಪ ಕುಡಿದಿದ್ದು. ಅಡಿಗೆಮನೆ ಕಟ್ಟೆ ಮೇಲೆ ಹಾಗೇ ಇದೆ. ತಳದಲ್ಲಿ ರಸ ಒಣಗಿ ಅಂಟ್ಕೊಂಡಿದೆ. ತೊಳೆಯೋಕೆ ಹೋದ್ರೆ ಕೈ ಬರೋದೇ ಇಲ್ಲ.”

“ಹ್ಞೂಂ.”

“ಬಾಯಾರಿಕೆ ಕಣೇ, ಒಂದೇ ಒಂದು ಲೋಟ ಅಂದ್ರು. ಬೇಡ ಅಂದೆ. ಆಮೇಲೆ ಮುಖ ನೋಡಿ ಕೊಟ್ಬಿಟ್ಟೆ. ಅತ್ತೆ ನೆಂಟರ ಮುಂದೆಲ್ಲ, ಅಪ್ಪನ ಬಾಯಿಗೆ ವಿಷ ಹಾಕಿದ ಮಗಳು ಅಂತಾರೆ. ನಂಗೂ ಹಾಗೇ ಅನ್ನಿಸ್ತಿತ್ತು.” ಮೂಗೊರೆಸಿಕೊಂಡಳು. “ಇವತ್ತು ಹೋಗಿ ತೊಳೀತೀನಿ.”

“ತೊಳಿ. ಚೆನ್ನಾಗಿ ಉಜ್ಜಿ ತೊಳಿ.”

“ನೀವು ಊಟ ಮಾಡಿದ್ರಾ?”

ಅವನಿಗೆ ನಗು ಬಂತು. ಈ ಪ್ರಶ್ನೆಯನ್ನು ಅವನಿಗೆ ಕೇಳುವವರು ಪ್ರಪಂಚದಲ್ಲಿ ಇವಳೊಬ್ಬಳೇ. ಹೆಂಡತಿ ಹೋಗಿ ಬಹಳ ಕಾಲವಾಗಿತ್ತು. ಪೊಲೀಸ್ ಕೆಲಸ ಬಿಟ್ಟ ಮೇಲೆ ಒಂದು ಚಿಕ್ಕ ಪತ್ತೇದಾರಿ ಕಚೇರಿ ತೆರೆದಿದ್ದ, ಕಿಡ್ನಿ ಅದನ್ನೂ ಮುಚ್ಚಿಸಿತು. ಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ. ಫೋನು ಹೊಡೆದುಕೊಂಡರೆ ಸಾಲ ಬೇಕೇ ಎಂದು ಕೇಳುವವರದೇ ಇರುತ್ತಿತ್ತು. ಲಿಫ್ಟಣ್ಣನನ್ನು ಮಣ್ಣು ಮಾಡಿ ಬಂದ ದಿನ ಈ ಹುಡುಗಿ, ಯಾರೂ ಹೇಳದೆಯೇ, ಅವನನ್ನು ದೊಡ್ಡಪ್ಪ ಎಂದು ಕರೆದಳು. ಅವನು ಮನೆಗೆ ಹೋಗಿ ಬಹಳ ಹೊತ್ತು ದೀಪ ಹಾಕದೆ ಕೂತಿದ್ದ.

“ಆಯ್ತು, ಊಟ ಆಯ್ತು,” ಎಂದು ಸುಳ್ಳು ಹೇಳಿದ.

“ಆ ಕ್ಯಾನ್ ಯಾರು ಹಾಕಿದ್ದು ದೊಡ್ಡಪ್ಪ?”

“ಅದನ್ನೇ ಕೇಳೋಕೆ ಹೋಗ್ತಾ ಇದೀನಿ.”

*

ಡಯಾಲಿಸಿಸ್ ಹಾಲು ಆ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿತ್ತು. ಮಧ್ಯಾಹ್ನದ ಸರದಿ. ಒಬ್ಬೊಬ್ಬರೇ ತೂಕದ ಯಂತ್ರ ಹತ್ತಿ, ಮೈಯಲ್ಲಿ ನಿಂತ ನೀರಿನ ಲೆಕ್ಕ ಕೊಟ್ಟು, ತಮ್ಮ ತಮ್ಮ ಕುರ್ಚಿಗೆ ಹೋಗಿ ಎಡಗೈ ಚಾಚಿ ಒರಗುತ್ತಿದ್ದರು. ಯಂತ್ರಗಳು ಗುಂಯ್ ಎನ್ನುತ್ತಿದ್ದವು.

ಪತ್ತೇದಾರನ ಕುರ್ಚಿ ಎಸಿಯ ನೇರ ಕೆಳಗಿತ್ತು. ರಕ್ತವೆಲ್ಲ ಮೈಯಿಂದ ಆಚೆ ಹೋಗಿ ತಣ್ಣಗಾಗಿ ಬರುವಾಗಲೇ ಎಂಥವರಿಗೂ ನಡುಕ. ಅದರ ಮೇಲೆ ಈ ಗಾಳಿ. ಅವನು ಹಲ್ಲು ಕಡಿಯುವ ಸದ್ದು ಕೇಳಿ ಲಿಫ್ಟಣ್ಣ ಅವನಿಗೆ ‘ಗಡಗಡ’ ಎಂದು ಹೆಸರಿಟ್ಟಿದ್ದ. “ಏನಯ್ಯಾ ಗಡಗಡ, ಯಂತ್ರ ನಿಂದಾ, ನೀನು ಯಂತ್ರದ್ದಾ, ಯಾವುದು ಅಲ್ಲಾಡ್ತಿರೋದು?” ಎಂದು ಹಾಲೆಲ್ಲ ಕೇಳುವಂತೆ ಕೂಗುತ್ತಿದ್ದ.

ಪಕ್ಕದ ಮೂಲೆಯ ಕುರ್ಚಿ ಖಾಲಿ. ಅದರ ಮೇಲೆ ಲಿಫ್ಟಣ್ಣನ ಕಂದು ಕಂಬಳಿ ಮಡಿಸಿಟ್ಟಂತೆಯೇ ಇತ್ತು. ಅವನ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ.

ಟೆಕ್ನಿಷಿಯನ್ ಏದುಸಿರು ಬಿಡುತ್ತಾ ಒಳಗೆ ಬಂದ. ಒಂದೇ ಏಟಿಗೆ ನರ ಹಿಡಿಯುವವನೆಂದು ಅವನಿಗೆ ‘ಸೂಜಿ’ ಎಂದು ಹೆಸರು. ಅದನ್ನಿಟ್ಟವನೂ ಲಿಫ್ಟಣ್ಣನೇ.

“ಲೇಟಾಯ್ತು ಸಾರ್, ಬಸ್ಸು ಕೆಟ್ಟು ನಿಂತುಬಿಡ್ತು. ಪುಣ್ಯಕ್ಕೆ ಬೆಳಗಿನ ಸರದಿಯ ಸಿಸ್ಟರ್ ಎಲ್ಲಾ ಯಂತ್ರ ಜೋಡಿಸಿಟ್ಟು ಹೋಗಿದಾರೆ.” ಮೂಲೆಯ ಕಡೆ ನೋಡಿದ. “ಅಲ್ಲಿ ಖಾಲಿ ಇದೆಯಲ್ಲ ಸಾರ್, ಕೂತ್ಕೊಳಿ. ಗಾಳಿ ಹೊಡೆಯಲ್ಲ.”

“ಬೇಡ. ನಂದು ನಂಗಿರ್ಲಿ.”

ಎರಡು ಸೂಜಿ ಒಳಹೋದವು. ಕೆಂಪು ಕೊಳವೆ ತುಂಬಿತು. ಪೊಲೀಸ್ ಕೆಲಸದಲ್ಲಿ ಎಂಥೆಂಥವರನ್ನೋ ಕುರ್ಚಿಯಲ್ಲಿ ಕೂರಿಸಿ ಏಳಗೊಡದೆ ಪ್ರಶ್ನೆ ಕೇಳಿದ್ದ ಪತ್ತೇದಾರ, ತಾನೇ ಕುರ್ಚಿಗೆ ಬಿಗಿಸಿಕೊಂಡು ಪ್ರಶ್ನೆ ಕೇಳಲು ಹೊರಟಿದ್ದು ಇದೇ ಮೊದಲು. ಉತ್ತರ ಕೊಡಬೇಕಾದವನ ಕೈಯಲ್ಲೇ ಅವನ ರಕ್ತದ ಕೊಳವೆ ಇತ್ತು. ಇದೊಳ್ಳೆ ವಿಚಾರಣೆ!

ಅವನು ಆತುರಪಡಲಿಲ್ಲ. ಸೂಜಿ ಎಲ್ಲರನ್ನೂ ಯಂತ್ರಕ್ಕೆ ಹಚ್ಚಿ, ಬಿ.ಪಿ. ನೋಡಿ, ಕೂಗಿಕೊಳ್ಳುತ್ತಿದ್ದ ಎರಡು ಯಂತ್ರಗಳ ಬಾಯಿ ಮುಚ್ಚಿಸಿ ಬರಲಿ ಎಂದು ಕಾದ. ಕಾಯುತ್ತಾ ಲೆಕ್ಕ ಹಾಕಿದ.

ಕ್ಯಾನ್ ಮುಟ್ಟುವವನು ಸೂಜಿ. ಅವನು ಕೂತಲ್ಲೇ ತೂಕಡಿಸಿದ್ದನ್ನು ಲಿಫ್ಟಣ್ಣ ಒಮ್ಮೆ ದೊಡ್ಡ ಡಾಕ್ಟರಿಗೆ ಹೇಳಿ ಬೈಸಿದ್ದ. ಹಾಲಿನ ಯಜಮಾನನಾದ ಆ ದೊಡ್ಡ ಡಾಕ್ಟರಿಗೂ ಲಿಫ್ಟಣ್ಣನಿಗೂ ಅಷ್ಟಕ್ಕಷ್ಟೆ. “ನಿಮ್ಮ ಆಸ್ಪತ್ರೆ ಲಿಫ್ಟು ಒಂದಿನ ಯಾರನ್ನಾದ್ರೂ ಸೀದಾ ಮೇಲಕ್ಕೇ ಕರ್ಕೊಂಡು ಹೋಗುತ್ತೆ,” ಎಂದು ಬಂದ ಅತಿಥಿಗಳ ಮುಂದೆಯೇ ಅಂದು ಅವರ ಮುಖ ಕೆಂಪಗೆ ಮಾಡಿದ್ದ. ಆದರೆ ಇಷ್ಟಕ್ಕೆಲ್ಲ ಯಾರಾದರೂ ಮನುಷ್ಯನನ್ನು ಕೊಲ್ಲುತ್ತಾರೆಯೇ? ಬಾಯಿ ಜೋರಿದ್ದ ಮಾತ್ರಕ್ಕೆ ಕೊಲ್ಲುವುದಾದರೆ ಲಿಫ್ಟಣ್ಣ ಹುಟ್ಟಿದ ವರ್ಷವೇ ಸಾಯಬೇಕಿತ್ತು.

ಅಲ್ಲದೆ ಅವನಷ್ಟು ಒಳ್ಳೆಯವನು ಈ ಹಾಲಿನಲ್ಲಿ ಇನ್ನೊಬ್ಬನಿರಲಿಲ್ಲ. ಆ ಕೊನೆಯ ದಿನವೂ ಅಷ್ಟೆ. ಪತ್ತೇದಾರನಿಗೆ ಹಿಂದಿನ ದಿನದಿಂದಲೇ ಚಳಿಜ್ವರ. ಬಾಗಿಲಲ್ಲೇ ನಡುಗುತ್ತಾ ಬಂದವನನ್ನು ನೋಡಿ ಲಿಫ್ಟಣ್ಣ ಎದ್ದು ನಿಂತಿದ್ದ. “ಬಾರಯ್ಯಾ ಗಡಗಡ, ಇವತ್ತು ನನ್ನ ಮೂಲೇಲಿ ಕೂತ್ಕೋ. ಕಂಬಳೀನೂ ತಗೋ. ನಾನು ಎಸಿ ಕೆಳಗೆ ಹವಾ ತಗೋತೀನಿ.” ಇಬ್ಬರಿಗೂ ಸೂಜಿ ಎಡಗೈಗೇ. ಕುರ್ಚಿ ಬದಲಾಯಿಸಿಕೊಳ್ಳುವುದು ಹಾಲಿನಲ್ಲಿ ಇದ್ದದ್ದೇ. ಎಲ್ಲರಿಗೂ ಒಂದೇ ಕ್ಯಾನು, ಒಂದೇ ಯಂತ್ರ, ಯಾರೆಲ್ಲಿ ಕೂತರೇನು? ಬೆಚ್ಚಗೆ ನಿದ್ದೆ ಹೋದ ಪತ್ತೇದಾರ, ಗೆಳೆಯ ಯಾವಾಗ ಎದ್ದು ಹೋದನೆಂದು ಕೂಡ ನೋಡಲಿಲ್ಲ. ಹೋಗಿ ಬಾ ಅಂತಲೂ ಅನ್ನಲಿಲ್ಲ.

ಅವನು ಖಾಲಿ ಕುರ್ಚಿಯ ಮೇಲಿದ್ದ ಕಂಬಳಿಯ ಕಡೆ ನೋಡಿದ.

ಸೂಜಿ ಬಂದು ಯಂತ್ರದ ಪರದೆ ನೋಡಿದ. ಪತ್ತೇದಾರ ಬಲಗೈಯಲ್ಲಿ ಅವನ ಮಣಿಕಟ್ಟು ಹಿಡಿದ.

“ಲಿಫ್ಟಣ್ಣನ ಎದೆ ಮೇಲಿದ್ದ ಪೆಟ್ಟಿಗೆ ಓದಿಸ್ದೆ ಕಣಪ್ಪ.”

ಸೂಜಿಯ ಮುಖದ ಬಣ್ಣ ಇಳಿಯಿತು. ಪತ್ತೇದಾರನಿಗೆ ಅಷ್ಟು ಸಾಕಿತ್ತು.

“ಅವತ್ತು ನೀನು ಅವನಿಗೆ ಕಡಿಮೆ ಪೊಟ್ಯಾಸಿಯಂ ಕ್ಯಾನ್ ಹಾಕಿದ್ದೆ.”

“ಸಾರ್, ಕೈ ಬಿಡಿ. ಎಲ್ಲರೂ ನೋಡ್ತಾರೆ.”

“ನೋಡ್ಲಿ. ಹಾಕಿದ್ದೆಯಾ, ಇಲ್ವಾ?”

“...ಹಾಕಿದ್ದೆ.”

“ಯಾಕೋ? ಅಂಥ ಮನುಷ್ಯನನ್ನ ಕೊಲ್ಲೋಕೆ ನಿಂಗೇನು ಬಂದಿತ್ತು? ಒಂದು ಸಲ ಬೈಸಿದ ಅಂತಾನಾ? ಆ ಹುಡುಗಿ ಅಪ್ಪನ್ನ ನಾನೇ ಸಾಯಿಸ್ದೆ ಅಂತ ಅತ್ತು ಅತ್ತು ಸೊರಗಿ ಹೋಗಿದಾಳೆ. ನೀನಿಲ್ಲಿ ಬಾಯಿಗೆ ಬೀಗ ಹಾಕ್ಕೊಂಡು ಸೂಜಿ ಚುಚ್ಕೊಂಡಿದೀಯ!”

“ಕೊಂದಿಲ್ಲ ಸಾರ್!” ಸೂಜಿಯ ಕಣ್ಣು ತುಂಬಿತು. “ಅವರಿಗೆ ಇಟ್ಟಿದ್ದಲ್ಲ ಅದು.”

“ಮತ್ತೆ?”

“ಕ್ಯಾನು ಮನುಷ್ಯರಿಗೆ ಇಡಲ್ಲ ಸಾರ್, ಕುರ್ಚಿಗೆ ಇಡ್ತೀವಿ. ನೀವೆಲ್ಲ ಬರೋಕೆ ಮುಂಚೇನೇ ಜೋಡಿಸಿ ಆಗಿರುತ್ತೆ. ಯಾವಾಗ್ಲೂ ಎಲ್ಲರದೂ ನೀಲಿ ಮುಚ್ಚಳದ್ದೇ. ಅವತ್ತು ಒಂದೇ ಒಂದು ಕೆಂಪು ಮುಚ್ಚಳದ್ದು ಇಡ್ಬೇಕಿತ್ತು. ಎಸಿ ಕೆಳಗಿನ ಕುರ್ಚಿಗೆ.”

ಪತ್ತೇದಾರನ ಕೈ ತಾನಾಗಿ ಸಡಿಲವಾಯಿತು.

“ನಾನು ಜೋಡಿಸಿಟ್ಟು ಹೋಗಿ ವಾಪಸ್ ಬಂದಾಗ ನೀವಿಬ್ಬರೂ ಅದಲುಬದಲಾಗಿ ಕೂತಾಗಿತ್ತು,” ಎಂದು ಸೂಜಿ ತಡವರಿಸಿದ. “ಆ ಕಡೆ ಒಂದು ಯಂತ್ರ ಕೂಗ್ತಿತ್ತು. ಎಲ್ಲಾ ಒಂದೇ ಅಲ್ವಾ ಅನ್ನೋ ಅಭ್ಯಾಸ. ಚುಚ್ಚಿ ಹಚ್ಚಿಬಿಟ್ಟೆ. ಆ ಕೆಂಪು ಮುಚ್ಚಳ ನೆನಪೇ ಆಗ್ಲಿಲ್ಲ ಸಾರ್. ಅವರು ಹೋದ್ರು ಅಂತ ಸುದ್ದಿ ಬಂದ ಮೇಲೆ ನೆನಪಾಯ್ತು. ಅವತ್ತಿಂದ ಅನ್ನ ಗಂಟಲಲ್ಲಿ ಇಳೀತಿಲ್ಲ.”

ಎಸಿಯ ಗಾಳಿ ಪತ್ತೇದಾರನ ನೆತ್ತಿಯ ಮೇಲೆ ಸುರಿಯುತ್ತಿತ್ತು. ಅವನಿಗೆ ಚಳಿಯೂ ತಿಳಿಯಲಿಲ್ಲ. ಲಿಫ್ಟಣ್ಣನನ್ನು ಕೊಂದವರು ಯಾರೆಂದು ಬೆಳಿಗ್ಗೆಯಿಂದ ಹುಡುಕಿದ್ದ. ಲಿಫ್ಟಣ್ಣನನ್ನು ಯಾರೂ ಕೊಲ್ಲಲು ಹೋಗಿರಲೇ ಇಲ್ಲ. ಅವನು ಸುಮ್ಮನೆ ಎದ್ದು ತನ್ನ ಬೆಚ್ಚನೆಯ ಜಾಗ ಬಿಟ್ಟುಕೊಟ್ಟಿದ್ದ. ಪತ್ತೇದಾರನ ಪಾಲಿನ ಸಾವಿನ ಮೇಲೆ ಹೋಗಿ ಕೂತಿದ್ದ.

“ಯಾರು ಹೇಳಿದ್ದು ಕೆಂಪು ಮುಚ್ಚಳದ್ದು ಇಡು ಅಂತ?”

“ಫೋನ್ ಬಂತು. ಎಸಿ ಕೆಳಗಿನವರಿಗೆ ಪೊಟ್ಯಾಸಿಯಂ ಸಿಕ್ಕಾಪಟ್ಟೆ ಏರಿದೆ, ಬೇಗ ಇಳಿಸ್ಬೇಕು ಅಂತ.”

“ದೊಡ್ಡ ಡಾಕ್ಟ್ರಾ?”

“ಅವರು ಆ ವಾರ ಊರಲ್ಲೇ ಇರ್ಲಿಲ್ಲ. ಹೃದಯದ ಡಾಕ್ಟರಮ್ಮ ಸಾರ್. ಅವರೇ ಖುದ್ದು ಮಾಡಿದ್ರು.”

*

ನಿಮ್ಮ ಪೊಟ್ಯಾಸಿಯಂ ಯಾವಾಗ ನೋಡಿದ್ರೂ ಕಡಿಮೆ.

ಇವತ್ತು ಬೆಳಿಗ್ಗೆ, ಅದೇ ಬಾಯಿ, ನಗುನಗುತ್ತಾ ಹೇಳಿತ್ತು. ಮೊದಲೇ ಕಡಿಮೆ ಇದ್ದವನಿಗೆ ಇನ್ನೂ ಎಳೆದು ತೆಗೆಯುವ ಕ್ಯಾನು. ಗೊತ್ತಿಲ್ಲದವರು ಮಾಡಿದರೆ ತಪ್ಪು. ಇವರು ಗೊತ್ತಿದ್ದವರು.

ಅವತ್ತು ಅವರು ಅವರ ಕುರ್ಚೀಲೇ ಕೂತಿದ್ರಲ್ವಾ? ಆ ಪ್ರಶ್ನೆ, ನಿಂತುಹೋದ ಪೆನ್ನು, ಕೆನೆಗಟ್ಟಿದ ಚಹಾ. ಪೆಟ್ಟಿಗೆ ಓದುವವರೆಗೆ ಆ ಹೆಂಗಸಿಗೂ ತಿಳಿದಿರಲಿಲ್ಲ, ತಾನು ಒಬ್ಬನಿಗೆ ತೋಡಿದ ಹಳ್ಳಕ್ಕೆ ಇನ್ನೊಬ್ಬ ಬಿದ್ದ ಎಂದು. ಅವನ ಕಣ್ಣೆದುರಿಗೇ ಅವರಿಗೆ ತಿಳಿಯಿತು. ಅವನು ನೋಡುತ್ತಾ ಕೂತಿದ್ದ. ಎಂಥ ಪತ್ತೇದಾರನಪ್ಪಾ! ನೋಡಿಯೂ ಪಾಪ ಅಂದುಕೊಂಡ. ಇದ್ದ ಒಂದೇ ಸಾಕ್ಷಿಯನ್ನು ತಾನಾಗಿ ಅವರ ಮೇಜಿನ ಮೇಲೆ ಬಿಟ್ಟು ಬಂದ.

ಆದರೆ ಯಾಕೆ? ಅದು ಅವನಿಗೆ ಬಗೆಹರಿಯಲಿಲ್ಲ. ಅವನು ಸತ್ತರೆ ಪೇಪರ್ ಹಾಕುವವನಿಗೂ ತಿಳಿಯಲು ಎರಡು ದಿನ ಬೇಕು. ಕೊಲ್ಲಬೇಕು ಅನ್ನಿಸುವಷ್ಟು ತಾನು ಯಾರ ಮನಸ್ಸಿನಲ್ಲಾದರೂ ಇದ್ದೇನೆಯೇ ಎಂದು ಆಶ್ಚರ್ಯವಾಯಿತು. ಇಷ್ಟು ಒಂಟಿಯಾಗಿ ಬದುಕಿದವನನ್ನೂ ಯಾರೋ ಮರೆಯದೆ ಇಟ್ಟುಕೊಂಡಿದ್ದರು.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಬಲಗೈಯಿಂದ ತೆಗೆದು ಕಿವಿಗಿಟ್ಟ.

“ದೊಡ್ಡಪ್ಪ.”

ಅಷ್ಟರಲ್ಲೇ ಅವನಿಗೆ ತಿಳಿಯಿತು, ಅವಳು ಅತ್ತು ಮುಗಿಸಿ ಮಾತಾಡುತ್ತಿದ್ದಾಳೆಂದು.

“ಡಾಕ್ಟರಮ್ಮ ಫೋನ್ ಮಾಡಿದ್ರು. ಬೆಳಿಗ್ಗೆ ನಮಗೆ ತೋರಿಸಿದ್ದು ಅಪ್ಪಂದಲ್ಲವಂತೆ. ಬೇರೆ ಯಾರದೋ ಕಾಗದ ಸೇರ್ಕೊಂಡಿತ್ತಂತೆ. ಅಪ್ಪನ ಪೆಟ್ಟಿಗೇಲಿ ಏನೂ ದಾಖಲಾಗೇ ಇಲ್ವಂತೆ, ಖಾಲಿಯಂತೆ. ಕ್ಷಮಿಸಮ್ಮ ಅಂದ್ರು. ಆಸ್ಪತ್ರೆ ರಿಪೋರ್ಟೇ ಸರಿ ಇರ್ಬೇಕು ಅಂದ್ರು.”

“ಮಗಳೇ, ಕೇಳು...”

“ನಾನು ಲೋಟ ತೊಳೆದುಬಿಟ್ಟಿದ್ದೆ ದೊಡ್ಡಪ್ಪ.” ಅವಳ ದನಿ ಒಡೆಯಿತು. “ಅತ್ತೆಗೂ ಹೇಳ್ಬಿಟ್ಟಿದ್ದೆ, ನಾನಲ್ಲ ಅಂತ. ಈಗ ಏನಂತ ಹೇಳ್ಲಿ?”

ಪತ್ತೇದಾರ ಕಣ್ಣು ಮುಚ್ಚಿದ. ಹೇಳಿದರೆ ಇವಳ ಎದೆಯ ಕಲ್ಲು ಇಳಿಯುತ್ತದೆ. ಆದರೆ ನಿನ್ನಪ್ಪ ನನ್ನ ಬದಲಿಗೆ ಸತ್ತ ಎಂದು ಕೇಳಿದ ಮೇಲೂ ಇವಳು ತನ್ನನ್ನು ದೊಡ್ಡಪ್ಪ ಅಂದಾಳೆಯೇ? ಊಟ ಆಯ್ತಾ ಅಂತ ಕೇಳಿಯಾಳೆಯೇ? ಆ ಎರಡು ಮಾತು ಬಿಟ್ಟರೆ ಅವನ ಹತ್ತಿರ ಬೇರೇನೂ ಇರಲಿಲ್ಲ. ಹೇಳದೇ ಇರಲು ಎಷ್ಟು ಆಸೆಯಾಯಿತೆಂದರೆ ಅವನಿಗೇ ನಾಚಿಕೆಯಾಯಿತು.

“ನೀನಲ್ಲ,” ಎಂದ. “ಡಾಕ್ಟರಮ್ಮ ಸುಳ್ಳು ಹೇಳ್ತಿದಾರೆ. ಅದು ನಿಮ್ಮಪ್ಪಂದೇ ಹೃದಯ. ಆ ಕ್ಯಾನ್ ಇಡಿಸಿದ್ದು ಅವರೇ. ನಿಮ್ಮಪ್ಪನಿಗಲ್ಲ, ನನಗೆ. ಅವತ್ತು ನಂಗೆ ಚಳಿ ಅಂತ ಅವನು ನನ್ನ ಕುರ್ಚೀಲಿ ಕೂತ. ನನಗೆ ಬರ್ಬೇಕಾಗಿದ್ದು ಅವನಿಗೆ ಹೋಯ್ತು ಮಗಳೇ. ನೀನು ಕೊಟ್ಟ ರಸದಿಂದಲ್ಲ. ನಾನು ನಡುಗಿದ್ದಕ್ಕೆ ಹೋದ ಅವನು.”

ಆ ಕಡೆ ದೂರದಲ್ಲಿ ನಲ್ಲಿಯ ನೀರು ಬೀಳುತ್ತಿರುವುದು ಕೇಳುತ್ತಿತ್ತು. ಯಂತ್ರಗಳ ಗುಂಯ್‌ಗುಡುವಿಕೆಯ ನಡುವೆ ಅವನು ಆ ನೀರಿನ ಸದ್ದನ್ನೇ ಹಿಡಿದುಕೊಂಡು ಕಾದ. ಈಗ ಇಡುತ್ತಾಳೆ ಫೋನು, ಈಗ ಇಡುತ್ತಾಳೆ ಅಂದುಕೊಂಡ.

ಆಗಲೇ ಎದೆಯೊಳಗೆ ಏನೋ ಹೊರಳಿತು. ನೀರಿಲ್ಲದಲ್ಲಿ ಮೀನು ಹೊರಳಿದಂತೆ, ಒಂದೇ ಸಲ. ಗಾಬರಿಗೆ ಇರಬೇಕು ಅಂದುಕೊಂಡ.

“ದೊಡ್ಡಪ್ಪ,” ಎಂದಳು ಹುಡುಗಿ. ದನಿ ಬೇರೆಯಾಗಿತ್ತು. “ಈಗ ನೀವೆಲ್ಲಿದೀರ?”

“ಹಾಲಿನಲ್ಲಿ. ಯಂತ್ರಕ್ಕೆ ಹಚ್ಚಿದಾರೆ.”

“ಯಾವ ಕುರ್ಚೀಲಿ?”

“ನನ್ನದರಲ್ಲೇ. ಎಸಿ ಕೆಳಗೆ.”

“ಅದಕ್ಕೆ ಇವತ್ತು ಯಾವ ಕ್ಯಾನ್ ಇಟ್ಟಿದಾರೆ? ನೋಡಿದ್ರಾ? ಯಾರಾದ್ರೂ ನೋಡಿದ್ರಾ?”

ಪಕ್ಕದಲ್ಲೇ ನಿಂತಿದ್ದ ಸೂಜಿಗೆ ಆ ಮಾತು ಕೇಳಿಸಿತು. ಅವನು ತಟ್ಟನೆ ಯಂತ್ರದ ಹಿಂದೆ ಕುಕ್ಕರುಗಾಲಲ್ಲಿ ಕೂತ. ಮುಚ್ಚಳ ಬೆಳಿಗ್ಗೆಯೇ ತೆಗೆದು ಎಸೆದಾಗಿತ್ತು. ಕ್ಯಾನಿನ ಚೀಟಿ ಗೋಡೆಯ ಕಡೆ ತಿರುಗಿತ್ತು. ಅವನು ಎರಡೂ ಕೈಯಿಂದ ಅದನ್ನು ತನ್ನತ್ತ ತಿರುಗಿಸಿಕೊಂಡ.

ಎದ್ದವನ ಮುಖದಲ್ಲಿ ರಕ್ತವಿರಲಿಲ್ಲ. ಒಂದು ಕೈ ಯಂತ್ರದ ಗುಂಡಿಯ ಮೇಲಿತ್ತು, ಇನ್ನೊಂದು ಪತ್ತೇದಾರನ ಭುಜದ ಮೇಲೆ.

“ಸಾರ್, ಅಲ್ಲಾಡ್ಬೇಡಿ,” ಎಂದ. “ಮಾತಾಡ್ಬೇಡಿ.”

ಯಂತ್ರ ನಿಂತಿತು. ಪತ್ತೇದಾರನ ಎದೆಯೊಳಗೆ ಮೀನು ಮತ್ತೆ ಹೊರಳಿತು. ಈ ಸಲ ನಿಲ್ಲಲಿಲ್ಲ. ಕಿವಿಯಲ್ಲಿ ಹುಡುಗಿ ಒಂದೇ ಸಮನೆ ಕೂಗುತ್ತಿದ್ದಳು, “ದೊಡ್ಡಪ್ಪ! ದೊಡ್ಡಪ್ಪ, ಹೇಳಿ! ದೊಡ್ಡಪ್ಪ!”